ಗಡಿ ದಾಟಿದ ಹಸಿರು ಗೆರೆ

ಬೆಳಿಗ್ಗೆ ಹತ್ತೂಕಾಲಿಗೆ ರಿಷಭ್‌ನ ಪಾಸ್‌ಪೋರ್ಟ್ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಅವನ ಅಕ್ಕನ ಮನೆಗೆ ಕೊರಿಯರಿನಲ್ಲಿ ಬಂತು.

ರಿಷಭ್ ಕಾಣೆಯಾಗಿ ಅಂದಿಗೆ ಹನ್ನೆರಡು ದಿನ. ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು, ಗೆಳೆಯರಿಗಿಂತ ಮೊದಲೇ ಒಬ್ಬನೇ ಯೂರೋಪಿಗೆ ಹೊರಟಿದ್ದಾನೆ ಎಂದು ಪೊಲೀಸರು ನಂಬಿದ್ದರು. ನಾಳೆ ಶುಕ್ರವಾರ ಕಡತ ಮುಚ್ಚುವುದಾಗಿಯೂ ಹೇಳಿದ್ದರು. ಕಡತ ಮುಚ್ಚಿದ ಮೇಲೆ ಅವನನ್ನು ಹುಡುಕುವವರು ಯಾರೂ ಇರುವುದಿಲ್ಲ.

ಬಾಗಿಲು ತೆಗೆದು ಕವರಿಗೆ ಸಹಿ ಹಾಕಿದವರು ವಿಜಯಮ್ಮ. ರಿಷಭ್‌ನ ಅಕ್ಕ ಮಹತಿಯ ಅತ್ತೆ. ಆರು ತಿಂಗಳು ಇದ್ದು ಹೋಗಲು ಮೈಸೂರಿನಿಂದ ಬಂದವರು.

“ಕನ್ನಡದಲ್ಲೇ ಸಹಿ ಹಾಕ್ದೆ ಕಣಮ್ಮ. ಏನೂ ಅನ್ನಲಿಲ್ಲ. ಥ್ಯಾಂಕ್ಯೂ ಮ್ಯಾಮ್ ಅಂತ ಹೇಳಿ ಹೋದ,” ಎನ್ನುತ್ತ ಅವರು ಕವರನ್ನು ಲೀಲಾವತಿಯ ಕೈಗೆ ಕೊಟ್ಟರು. “ರಿಷಭ್ ಹೆಸರಿದೆ. ಪಾಪ, ಅವನು ಬರೋವರೆಗೂ ಜೋಪಾನವಾಗಿಡಬೇಕು,” ಎಂದು ಅಡುಗೆಮನೆಗೆ ಹೋದರು.

ಲೀಲಾವತಿ ಕವರನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಆಸ್ಟಿನ್‌ನಲ್ಲಿ ವಿಮಾ ಕಂಪನಿಯೊಂದಕ್ಕೆ ಅನುಮಾನದ ಕ್ಲೇಮುಗಳನ್ನು ತನಿಖೆ ಮಾಡಿಕೊಡುವುದು ಅವಳ ಕೆಲಸ. ಈ ಕೇಸಿಗೆ ಸಂಬಳವಿಲ್ಲ. ಮಹತಿ ಆಸ್ಟಿನ್‌ನಲ್ಲಿ ಓದುತ್ತಿದ್ದಾಗ ಪ್ರತಿ ಭಾನುವಾರ ಇವಳ ಮನೆಗೆ ಊಟಕ್ಕೆ ಬರುತ್ತಿದ್ದಳು. ಅಷ್ಟೇ ನಂಟು.

ಕವರು ಬಂದದ್ದು ಹ್ಯೂಸ್ಟನ್‌ನ ಸ್ಪೇನ್ ದೂತಾವಾಸದಿಂದ. ಮೇಲಿನ ವಿಳಾಸ ರಿಷಭ್‌ನ ಕೈಬರಹ. ವೀಸಾ ಅರ್ಜಿ ಕೊಡುವಾಗಲೇ, ಪಾಸ್‌ಪೋರ್ಟನ್ನು ಹಿಂದೆ ಕಳಿಸಲು ಅವನೇ ಬರೆದು ಕೊಟ್ಟ ಕವರು. ಬರೆದದ್ದು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿರುವ ತನ್ನ ಅಪಾರ್ಟ್‌ಮೆಂಟಿನ ವಿಳಾಸವನ್ನಲ್ಲ, ಅಕ್ಕನ ಮನೆಯದನ್ನು.

ಮಹತಿ ಸೋಫಾದ ಮೇಲೆ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಪಾಸ್‌ಪೋರ್ಟನ್ನು ತೆರೆದು ತೋರಿಸಿದಾಗಲೂ ಕೈ ನಿಲ್ಲಲಿಲ್ಲ.

“ಇದರಲ್ಲಿ ಅವನಿಗೆ ಕನ್ನಡಕ ಇಲ್ಲ,” ಎಂದಳು.

“ಮಹತಿ, ಪಾಸ್‌ಪೋರ್ಟ್ ಇಷ್ಟು ದಿನ ದೂತಾವಾಸದಲ್ಲಿತ್ತು. ಅವನು ದೇಶ ಬಿಟ್ಟು ಹೋಗಿಲ್ಲ.”

“ಹೂಂ.”

“ನಿನ್ನ ಅಡ್ರೆಸ್ ಯಾಕೆ ಕೊಟ್ಟ?”

“ಮುಖ್ಯವಾದ್ದು ಏನಿದ್ರೂ ನನ್ನ ಅಡ್ರೆಸ್ಸೇ ಕೊಡೋದು ಆಂಟಿ. ಅವನ ಅಪಾರ್ಟ್‌ಮೆಂಟಲ್ಲಿ ಪೋಸ್ಟ್ ಕಳೆದುಹೋಗುತ್ತೆ ಅಂತ.” ಅವಳು ಒಂದು ಟವೆಲನ್ನು ನಾಲ್ಕಾಗಿ ಮಡಿಸಿದಳು. “ನಂಗೆ ಹೊಳೀಲೇ ಇಲ್ಲ ನೋಡಿ. ಪಾಸ್‌ಪೋರ್ಟ್ ಇಸ್ಕೊಂಡೇ ಡಲ್ಲಾಸಿಗೆ ಹೋದ ಅಂದ್ಕೊಂಡೆ. ನಾನು ಅಳಬೇಕಾಗಿತ್ತು ಈಗ, ಅಲ್ವಾ?”

ಎರಡು ವರ್ಷದ ಹಿಂದೆ ಗಂಡ ತೀರಿಹೋದ ದಿನ ಲೀಲಾವತಿಯೂ ಹೀಗೆಯೇ ಡಿಶ್‌ವಾಷರಿನಿಂದ ಪಾತ್ರೆ ತೆಗೆದು ಜೋಡಿಸಿದ್ದಳು. ಅಳು ಬಂದಿರಲಿಲ್ಲ. ಬರುತ್ತದೆ ಎಂದು ಕಾದಿದ್ದೇ ಬಂತು.

ಅಡುಗೆಮನೆಯಲ್ಲಿ ಫೋನ್ ಹೊಡೆದುಕೊಂಡಿತು. ವಿಜಯಮ್ಮ ಎತ್ತಿದರು.

“ಹೂಂ ಕಣಪ್ಪ, ತಿಂಡಿ ಆಯ್ತು. ಅವಲಕ್ಕಿ. ಹೂಂ, ಪೋಸ್ಟ್ ಬಂತಲ್ಲ. ಈಗ ತಾನೇ ಒಂದು ಕವರ್ ಬಂತು, ರಿಷಭ್‌ದು. ನಿಂದು ಊಟ ಆಯ್ತಾ? ಸರಿ, ಇಡ್ತೀನಿ.”

“ಯಾರು?” ಎಂದು ಲೀಲಾವತಿ ಕೇಳಿದಳು.

“ಸುಮುಖ. ರಿಷಭ್ ರೂಮ್‌ಮೇಟು. ದಿನಾ ಫೋನ್ ಮಾಡ್ತಾನೆ. ಊಟ ಆಯ್ತಾ ಅಜ್ಜಿ, ಪೋಸ್ಟ್ ಬಂತಾ ಅಂತ ವಿಚಾರಿಸ್ತಾನೆ. ನಮ್ಮೋರೇ ಯಾರೂ ಹಂಗೆ ಕೇಳಲ್ಲ.”

ವಿಜಯಮ್ಮನಿಗೆ ರಿಷಭ್ ಕಾಣೆಯಾದದ್ದೇ ಗೊತ್ತಿರಲಿಲ್ಲ. ಮೈಸೂರಿನಲ್ಲಿರುವ ಅವನ ತಂದೆತಾಯಿಗೂ ಗೊತ್ತಿರಲಿಲ್ಲ. ಮೂರನೇ ದಿನ ಅಮ್ಮ ಫೋನಿನಲ್ಲಿ ಮಗನ ಬಗ್ಗೆ ಕೇಳಿದಾಗ ಮಹತಿ, “ಟೂರಿಗೆ ಹೋಗಿದಾನೆ, ಯೂರೋಪಿಗೆ, ಸ್ವಲ್ಪ ಮುಂಚೆನೇ ಹೊರಟ,” ಎಂದುಬಿಟ್ಟಿದ್ದಳು. ವಯಸ್ಸಾದವರು ಗಾಬರಿಯಾಗಬಾರದು ಎಂದು. ಅವಳ ಗಂಡ ಚಂದ್ರಮೋಹನ ತೈಲ ಕಂಪನಿಯ ಕೆಲಸದ ಮೇಲೆ ಅಂಗೋಲಾದಲ್ಲಿದ್ದ. ಕೇಳಿ ಮಾಡೋಣವೆಂದರೆ ಹತ್ತಿರ ಯಾರೂ ಇರಲಿಲ್ಲ.

ಆ ಮಾತು ಮೈಸೂರಿನಿಂದ ನ್ಯೂಜೆರ್ಸಿಯ ಚಿಕ್ಕಪ್ಪನ ಮಕ್ಕಳಿಗೆ ಹೋಯಿತು. ಅಲ್ಲಿಂದ ಡಲ್ಲಾಸಿನ ಕನ್ನಡದವರಿಗೆ ಬಂತು. ಪೊಲೀಸರು ವಿಚಾರಿಸಿದಾಗ ಮೂರು ಮಂದಿ ಒಂದೇ ಮಾತು ಹೇಳಿದರು: ಅವನು ಯೂರೋಪಿಗೆ ಹೋಗಿದ್ದಾನೆಂದು ಮನೆಯವರೇ ಹೇಳುತ್ತಿದ್ದಾರೆ.

ಮಹತಿಯ ಸುಳ್ಳು ಊರು ಸುತ್ತಿ ಸಾಕ್ಷಿಯಾಗಿ ವಾಪಸು ಬಂದಿತ್ತು.

ಪೊಲೀಸರ ಕೈಯಲ್ಲಿದ್ದ ಇನ್ನೊಂದು ಆಧಾರವೆಂದರೆ ನಕಾಶೆ. ರಿಷಭ್‌ನ ಕೋಣೆಯ ಗೋಡೆಗೆ ಅಂಟಿಸಿದ್ದ ಯೂರೋಪಿನ ರಸ್ತೆ ನಕಾಶೆ. ಅದರ ಮೇಲೆ ಹಸಿರು ಮಾರ್ಕರಿನ ಗೆರೆ. ರಿಷಭ್, ಸುಮುಖ, ಗೆಳೆಯ ಜಯಂತ, ಜಯಂತನ ಹೆಂಡತಿ ನಿಖಿತಾ, ನಾಲ್ವರೂ ಸೇರಿ ಮೂರು ವಾರ ಕಾರಿನಲ್ಲಿ ಸುತ್ತಬೇಕೆಂದಿದ್ದ ದಾರಿ. ಲೀಲಾವತಿ ಅದರ ಬಣ್ಣದ ಪ್ರತಿಯನ್ನು ಪೊಲೀಸರಿಂದ ಕೇಳಿ ತಂದಿದ್ದಳು. ಮಹತಿ ಇದುವರೆಗೆ ಅದನ್ನು ನೋಡಲು ಒಪ್ಪಿರಲಿಲ್ಲ.

“ಈಗ ನೋಡು,” ಎಂದು ಲೀಲಾವತಿ ಊಟದ ಮೇಜಿನ ಮೇಲೆ ಹರಡಿದಳು.

ಮಹತಿ ಎದ್ದು ಬಂದಳು. ಬೆರಳನ್ನು ಲಿಸ್ಬನ್ ಮೇಲಿಟ್ಟಳು. ಸೆವಿಲ್, ಬಾರ್ಸಿಲೋನಾ, ನೀಸ್, ಜೆನೋವಾ. ಬೆರಳು ಗೆರೆಯ ಜೊತೆ ಸಾಗಿ ಇಟಲಿಯ ಪೂರ್ವ ತುದಿಯ ಟ್ರಿಯೆಸ್ಟ್‌ಗೆ ಬಂತು. ಅಲ್ಲಿ ನಿಂತಿತು.

ಗೆರೆ ನಿಂತಿರಲಿಲ್ಲ. ಸ್ಲೊವೇನಿಯಾ ದಾಟಿ, ಕ್ರೊಯೇಷಿಯಾದ ಸಮುದ್ರ ತೀರ ಹಿಡಿದು ಡುಬ್ರೋವ್ನಿಕ್‌ವರೆಗೆ ಇಳಿದಿತ್ತು. ಅಲ್ಲಿಂದ ಕಡಲು ದಾಟಿ ಮತ್ತೆ ಇಟಲಿಗೆ, ಬಾರಿ ಎಂಬ ಬಂದರಿಗೆ. ಕೊನೆಗೆ ರೋಮ್.

“ಇದು ಅವನು ಹಾಕಿದ್ದಲ್ಲ ಆಂಟಿ.”

ಧ್ವನಿಯಲ್ಲಿ ಏರಿಳಿತವಿರಲಿಲ್ಲ.

“ಹೇಗೆ ಹೇಳ್ತೀಯಾ?”

“ವೀಸಾಗೆ ಬಂದಾಗ ಇದೇ ಮೇಜಿನ ಮೇಲೆ ಸಾರಿನ ಸೌಟು ಇಟ್ಕೊಂಡು ನಂಗೆ ಪಾಠ ಮಾಡಿದ್ದ. ಸೌಟೇ ಇಟಲಿ. ನಂಗೆ ಕೊಡೋದು ಒಂದೇ ಎಂಟ್ರಿ ಕಣೇ ಅಕ್ಕ, ಒಂದ್ಸಲ ಆಚೆ ಕಾಲಿಟ್ರೆ ಮುಗೀತು, ವಾಪಸ್ ಒಳಗೆ ಬಿಡಲ್ಲ ಅಂದ. ಅದಕ್ಕೇ ಅವನ ಪ್ಲಾನು ಇಟಲಿಗೇ ಕೊನೆ.”

ಲೀಲಾವತಿ ಪಾಸ್‌ಪೋರ್ಟಿನ ವೀಸಾ ಪುಟ ತೆರೆದಳು. ಪ್ರವೇಶಗಳ ಸಂಖ್ಯೆ ಎಂಬಲ್ಲಿ ಅಚ್ಚಾಗಿದ್ದದ್ದು ಒಂದು.

ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಇದ್ದರೆ ಲಿಸ್ಬನ್‌ನಿಂದ ಟ್ರಿಯೆಸ್ಟ್‌ವರೆಗೆ ಯಾವ ಗಡಿಯಲ್ಲೂ ತಡೆಯಿಲ್ಲ. ಆದರೆ 2005ರ ಆ ಮೇ ತಿಂಗಳಲ್ಲಿ ಸ್ಲೊವೇನಿಯಾ, ಕ್ರೊಯೇಷಿಯಾ ಎರಡೂ ಆ ಬಳಗದ ಹೊರಗಿದ್ದವು. ಭಾರತದ ಪಾಸ್‌ಪೋರ್ಟ್ ಹಿಡಿದವನು ಅಲ್ಲಿಗೆ ಹೋಗಲು ಬೇರೆ ವೀಸಾ ಬೇಕು. ಒಂದೇ ಪ್ರವೇಶದ ವೀಸಾದಲ್ಲಿ ಹೋದವನು ಬಾರಿ ಬಂದರಿನಲ್ಲಿ ಇಳಿಯುವಂತಿಲ್ಲ.

ಈ ದೇಶದಲ್ಲಿ ವೀಸಾದ ಮೇಲೆ ಬದುಕುವವರು ರಸ್ತೆಗಿಂತ ಮೊದಲು ಗಡಿ ನೋಡುತ್ತಾರೆ. ಈ ಗೆರೆ ಎಳೆದವನ ಕಣ್ಣಿಗೆ ಗಡಿಯೇ ಬಿದ್ದಿರಲಿಲ್ಲ.

“ನಾಲ್ವರಲ್ಲಿ ಅಮೆರಿಕದ ಪಾಸ್‌ಪೋರ್ಟ್ ಯಾರ ಹತ್ರ ಇದೆ?”

“ಜಯಂತನ ಹತ್ರ. ಹೋದ ವರ್ಷ ಸಿಟಿಜನ್ ಆದ. ಪಾರ್ಟಿ ಕೊಟ್ಟಿದ್ದ, ನಾವೂ ಹೋಗಿದ್ವಿ.”

“ಅವನ ಹೆಂಡತಿ?”

“ನಿಖಿತಾದು ಇನ್ನೂ ಇಂಡಿಯನ್ನೇ. ಸುಮುಖಂದೂ.”

ಲೀಲಾವತಿ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದಳು. ಕೋರ್ಟಿನಲ್ಲಿದ್ದಾರೆ, ಮಧ್ಯಾಹ್ನ ಸಿಗುತ್ತಾರೆ ಎಂದರು. ಪಾಸ್‌ಪೋರ್ಟ್ ಸಿಕ್ಕಿದೆ ಎಂದು ಸಂದೇಶ ಬಿಟ್ಟಳು. ಪಾಸ್‌ಪೋರ್ಟನ್ನು ತನ್ನ ಕೈಚೀಲದಲ್ಲಿಟ್ಟುಕೊಂಡಳು. ಖಾಲಿ ಕವರು ಟಿವಿಯ ಮೇಲೆ ಉಳಿಯಿತು.

ಲೀಲಾವತಿ ಜಯಂತನ ಮನೆಗೆ ಹೊರಡುವಾಗ ವಿಜಯಮ್ಮ ಫ್ರಿಜ್ ತೆರೆದು ಒಂದು ಸೀಸೆ ತೋರಿಸಿದರು.

“ನೋಡಿ, ರಿಷಭ್‌ಗೆ ದಾರಿಗೆ ಅಂತ ಪುಳಿಯೋಗರೆ ಗೊಜ್ಜು ಮಾಡಿಟ್ಟಿದ್ದೆ. ಅನ್ನಕ್ಕೆ ಕಲಸಿಕೊಂಡ್ರೆ ಆಯ್ತು. ಬಿಟ್ಟೇ ಹೋಗಿದಾನೆ. ಅದೇನು ಅವಸರವೋ.”

ಮಹತಿ ಸೀಸೆಯನ್ನು ನೋಡಿದಳು. ಮತ್ತೆ ಬಟ್ಟೆಯ ಕಡೆಗೆ ಹೋದಳು.

*

ಜಯಂತನ ಮನೆ ಕೇಟಿಗೆ ಹತ್ತಿರದ ಫುಲ್‌ಶೀರಿನ ಹೊಸ ಬಡಾವಣೆಯಲ್ಲಿ. ಅಕ್ಕಪಕ್ಕದ ಸೈಟುಗಳಲ್ಲಿ ಇನ್ನೂ ಮರದ ಚೌಕಟ್ಟುಗಳು ಎದ್ದು ನಿಂತಿದ್ದವು. ಧಾರವಾಡದವನು, ನಲವತ್ತರ ಹತ್ತಿರದ ವಯಸ್ಸು. ಲೀಲಾವತಿಯ ಫೋನ್ ಬಂದ ಮೇಲೆ ಆಫೀಸಿನಿಂದ ಊಟದ ನೆಪ ಹೇಳಿ ಬಂದಿದ್ದ.

“ಬರ್ರಿ ಮೇಡಂ, ಒಳಗ ಬರ್ರಿ. ಮಹತಿಯವರು ಹೆಂಗದಾರ್ರಿ?”

ಊಟದ ಮೇಜಿನ ಮುಂದೆ ಕೂರಲು ಜಾಗವಿದ್ದರೂ ಮೇಲೆ ಕೈಯಿಡಲು ಜಾಗವಿರಲಿಲ್ಲ. ಪುಟ್ಟ ರೈಸ್ ಕುಕ್ಕರ್, ಯೂರೋಪಿನ ಪ್ಲಗ್ಗುಗಳಿಗೆ ಹೊಂದುವ ಅಡಾಪ್ಟರುಗಳು, ಬಿಸಿನೀರಿಗೆ ಹಾಕಿದರೆ ಸಾಕೆನ್ನುವ ಬಿಸಿಬೇಳೆಯ ಪೊಟ್ಟಣಗಳು, ಅವಲಕ್ಕಿ, ಚಟ್ನಿಪುಡಿ.

“ಇನ್ನೂ ತಯಾರಿ ನಡೀತಿದೆಯಾ?”

“ಹೌದ್ರಿ ಮತ್ತ. ಟಿಕೆಟ್ ಆಗ್ಯಾವು. ಮೂರು ವಾರ ಬರೇ ಬ್ರೆಡ್ ತಿಂದು ಇರಾಕ ಆಗತೈತೇನ್ರಿ? ನಿಖಿತಾ ಅಂತೂ ನಗತಾಳ. ನೀ ಕಾರ್ ತಗೊಂಡು ಹೊಂಟಿಯೋ, ಖಾನಾವಳಿ ತಗೊಂಡು ಹೊಂಟಿಯೋ ಅಂತ.”

ಅವನೇ ನಕ್ಕ. ಲೀಲಾವತಿ ನಗಲಿಲ್ಲ. ಕುಕ್ಕರನ್ನು ಪಕ್ಕಕ್ಕೆ ಸರಿಸಿ ನಕಾಶೆಯ ಪ್ರತಿಯನ್ನು ಬಿಡಿಸಿದಳು.

“ಈ ಹಸಿರು ಗೆರೆ ನೀನು ಹಾಕಿದ್ದು.”

ಜಯಂತ ನಕಾಶೆಯನ್ನು ನೋಡಿದ, ಅವಳನ್ನು ನೋಡಿದ.

“ಹೌದ್ರಿ. ನಾನ ಹಾಕೀನಿ. ಅದ್ರಾಗೇನೈತಿ?”

“ಪೊಲೀಸರು ಇದನ್ನು ರಿಷಭ್ ಹಾಕಿದ್ದು ಅಂದುಕೊಂಡಿದಾರೆ. ಅವನ ಗೋಡೆ ಮೇಲಿತ್ತು.”

“ನನಗ ಯಾರೂ ಏನೂ ಕೇಳಲಿಲ್ರಿ. ಕೇಳಿದ್ರ ಹೇಳ್ತಿದ್ದೆ.”

“ಡುಬ್ರೋವ್ನಿಕ್‌ಗೆ ಹೋಗಿ ವಾಪಸ್ ಇಟಲಿಗೆ ಬರೋದು ರಿಷಭ್ ಕೈಲಿ ಆಗುತ್ತಾ?”

“ಯಾಕಾಗೂದಿಲ್ಲ? ನಾ ಹೋದ ವರ್ಷ ಆಫೀಸ್ ಕೆಲಸಕ್ಕ ಹೋಗಿ ಬಂದೀನಲ್ಲ. ಪಾಸ್‌ಪೋರ್ಟ್ ತೋರಿಸಿದ್ರ ಆತು, ಠಪ್ ಅಂತ…”

ಮಾತು ಅಲ್ಲಿಗೇ ನಿಂತಿತು. ಅವನು ಹಣೆಗೆ ಕೈ ಒತ್ತಿಕೊಂಡ.

“ವೀಸಾ. ಹೌದಲ್ರಿ. ಅವಂಗ ವೀಸಾ ಬೇಕಲ್ಲ. ಎಷ್ಟ ಸಲ ಬೈದಿದ್ದ ನನಗ ಇದಕ್ಕ. ಅಮೆರಿಕದ ನೀಲಿ ಪಾಸ್‌ಪೋರ್ಟ್ ಕೊಟ್ಟು ನಿನ್ನ ತಲಿ ಕಿತ್ಕೊಂಡ್ರೇನೋ ಅಂತಿದ್ದ.”

“ಹಾಗಾದರೆ ಈ ಗೆರೆ ಹಾಕುವಾಗ ಯಾಕೆ ಬೈಯಲಿಲ್ಲ? ಅವನು ನೋಡಲಿಲ್ಲವಾ?”

“ನೋಡ್ಯಾನ್ರಿ. ಅವನ ಎದುರಿಗೇ ಹಾಕೀನಿ. ನೀವು ಕುಂತ ಕುರ್ಚಿಯಾಗ ಕುಂತಿದ್ದ.” ಜಯಂತ ನಿಧಾನವಾಗಿ ಹೇಳಿದ, ಈಗಷ್ಟೇ ಅದನ್ನು ಕಂಡವನಂತೆ. “ಒಂದು ಮಾತೂ ಆಡಲಿಲ್ಲ. ಸುಮ್ಮನ ನೋಡ್ಕೋತ ಕುಂತ.”

“ಯಾವತ್ತು?”

“ಸೋಮವಾರ ಸಂಜಿ. ಹೋದ ವಾರ.”

ಲೀಲಾವತಿ ನಕಾಶೆಯಿಂದ ತಲೆಯೆತ್ತಿದಳು. ರಿಷಭ್ ಕಾಣೆಯಾದದ್ದು ಅದಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ.

“ಸೋಮವಾರ. ಸರಿಯಾಗಿ ನೆನಪಿದೆಯಾ?”

“ಹೂಂನ್ರಿ. ಸೋಮವಾರ ನಿಖಿತಾಗ ಕ್ಲಾಸ್ ಇರತೈತಿ, ಆಕಿ ಇರಲಿಲ್ಲ. ನಾನ ಉಪ್ಪಿಟ್ಟು ಮಾಡಿ ಹಾಕೀನಿ. ಅವಾ ತಿನ್ನಲಿಲ್ಲ.”

“ಅವನು ಕಾಣೆಯಾಗಿದ್ದಾನೆ ಅಂತ ಗೊತ್ತಾದ ಮೇಲೂ ಇದನ್ನು ಯಾರಿಗೂ ಹೇಳಲಿಲ್ಲ.”

“ಕಾಣೆ? ಯಾರ್ರಿ ಹೇಳಿದ್ದು ಕಾಣೆ ಅಂತ?” ಜಯಂತನ ಧ್ವನಿ ಮೊದಲ ಸಲ ಏರಿತು. “ನಾಳೆ ಹೊಂಟಾನ, ನಾವು ಜೂನ್‌ನಾಗ ಅಲ್ಲೇ ಹೋಗಿ ಕೂಡೂದು ಅಂತ ಅವತ್ತು ಮಾತಾಗಿತ್ತು. ಆಫೀಸಿನ್ಯಾಗ ಏನೋ ಕಿರಿಕಿರಿ ಐತಿ, ಯಾರಿಗೂ ಹೇಳಬ್ಯಾಡ, ಅಕ್ಕಗ ಎಲ್ಲಾ ಗೊತ್ತೈತಿ ಅಂದ್ರು. ಆಮ್ಯಾಲ ಎಲ್ಲಾರ ಬಾಯಾಗೂ ಅದs ಮಾತು ಬಂತು. ಯೂರೋಪಿಗೆ ಹೋಗ್ಯಾನ ಅಂತ ಅವರ ಮನಿಯವರs ಹೇಳ್ಯಾರ ಅಂತ. ಹಂಗಾದ್ರ ಅಕ್ಕಗ ಖರೇನs ಗೊತ್ತೈತಿ ಅಂದ್ಕೊಂಡೆ. ತಪ್ಪೇನ್ರಿ ನಂದು?”

ಲೀಲಾವತಿಗೆ ಮಹತಿ ಮಡಿಸುತ್ತಿದ್ದ ಟವೆಲು ನೆನಪಾಯಿತು. ಮುದುಕರನ್ನು ಕಾಯಲು ಹೇಳಿದ ಒಂದು ಸುಳ್ಳು ಈ ಬಾಗಿಲನ್ನೂ ಮುಚ್ಚಿ ಚಿಲಕ ಹಾಕಿತ್ತು.

“ಅಂದ್ರು ಅಂದೆಯಲ್ಲ,” ಎಂದಳು. “ರಿಷಭ್ ಅಂದನಾ?”

ಜಯಂತ ಯೋಚಿಸಿದ.

“ಇಲ್ರಿ. ಸುಮುಖ ಅಂದ.”

“ಸುಮುಖ ಬಂದಿದ್ದನಾ?”

“ಅವನs ಡ್ರೈವ್ ಮಾಡಿಕೊಂಡು ಬಂದಿದ್ದ. ನಕಾಶಿನೂ ಅವನs ತಂದಿದ್ದ. ನೀ ಹೋಗಿ ಬಂದಾಂವ ಅದೀ, ದಾರಿ ನೀನs ಹಾಕಿಕೊಡು, ರೂಮಿನ ಗ್ವಾಡಿಗೆ ಹಚ್ಚತೀವಿ ಅಂದ. ಮಾತೆಲ್ಲಾ ಅವಂದs. ರಿಷಭ್‌ಗ ಜ್ವರ ಬಂದಾವ, ಅದಕ್ಕ ಸುಮ್ಮನದಾನ ಅಂದ.” ಜಯಂತ ಬಿಸಿಬೇಳೆಯ ಪೊಟ್ಟಣವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. “ಹೋಗೂಮುಂದ ರಿಷಭ್ ಒಂದs ಮಾತು ಕೇಳಿದ ನೋಡ್ರಿ. ಅಕ್ಕಗ ಈ ನಕಾಶಿ ತೋರಸ್ತೀಯೇನು ಅಂದ. ತೋರಸ್ತೀನಿ ಬಿಡು ಅಂದ ಸುಮುಖ.”

ಶನಿವಾರ ಬೆಳಿಗ್ಗೆ ದಿನಸಿ ತರಲು ಹೋದ ರಿಷಭ್ ಮತ್ತೆ ಕಣ್ಣಿಗೆ ಬೀಳಲಿಲ್ಲ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟವನು ಸುಮುಖ. ಗೋಡೆಯ ನಕಾಶೆಯನ್ನು ಅವರಿಗೆ ತೋರಿಸಿದವನೂ ಅವನೇ.

ರಿಷಭ್ ತಪ್ಪು ಗೆರೆಯನ್ನು ಬೇಕೆಂದೇ ತಿದ್ದದೆ ಬಿಟ್ಟಿದ್ದ. ಪಕ್ಕದಲ್ಲಿ ಸುಮುಖ ಕೂತಿರುವಾಗ ಅವನಿಗೆ ಸಾಧ್ಯವಿದ್ದದ್ದು ಅಷ್ಟೇ. ಸೌಟನ್ನು ಇಟಲಿ ಮಾಡಿ ಪಾಠ ಹೇಳಿಸಿಕೊಂಡ ಅಕ್ಕ ಒಬ್ಬಳಿಗೆ ಅದು ಅರ್ಥವಾಗುತ್ತಿತ್ತು. ಆ ಅಕ್ಕ ನಕಾಶೆಯನ್ನು ಇಂದಿನವರೆಗೆ ನೋಡಿರಲಿಲ್ಲ.

ಲೀಲಾವತಿ ಅಲ್ಲಿಂದಲೇ ಮಹತಿಯ ಮನೆಗೆ ಫೋನ್ ಮಾಡಿದಳು. ಗೋಡೆ ಗಡಿಯಾರದಲ್ಲಿ ಹನ್ನೆರಡು ಹೊಡೆಯಲು ಐದು ನಿಮಿಷವಿತ್ತು.

“ಹಲೋ, ಯಾರು ಮಾತಾಡೋದು?” ವಿಜಯಮ್ಮನ ಧ್ವನಿ.

“ನಾನು ಲೀಲಾವತಿ. ಮಹತಿಗೆ ಕೊಡಿ.”

“ಅವಳು ಕಾಫಿ ಬೆರೆಸ್ತಿದಾಳೆ ಕಣಮ್ಮ. ಸುಮುಖ ಬಂದಿದಾನೆ. ಬೆಳಿಗ್ಗೆ ಫೋನಲ್ಲಿ ಮಾತಾಡ್ದೋನು ನೋಡಿ, ಬಂದೇಬಿಟ್ಟ!”

ಆ ಫೋನ್ ಬಂದದ್ದು ಹತ್ತೂವರೆಯ ಸುಮಾರಿಗೆ. ರಿಚರ್ಡ್‌ಸನ್‌ನಿಂದ ಕೇಟಿಗೆ ಎಷ್ಟು ಜೋರಾಗಿ ಓಡಿಸಿದರೂ ನಾಲ್ಕು ಗಂಟೆಯ ದಾರಿ. ಸುಮುಖ ಫೋನ್ ಮಾಡಿದ್ದು ರಿಚರ್ಡ್‌ಸನ್‌ನಿಂದಲ್ಲ. ಅವನು ಇಲ್ಲೇ ಎಲ್ಲೋ ಹತ್ತಿರದಲ್ಲಿದ್ದ.

“ವಿಜಯಮ್ಮ, ಅವನು ಏನಾದರೂ ಕೇಳಿದನಾ?”

“ಆ ಕವರ್ ಕೇಳ್ದ. ಟಿವಿ ಮೇಲಿಂದ ನಾನೇ ತಕ್ಕೊಟ್ಟೆ. ಇದು ಖಾಲಿ ಇದೆಯಲ್ಲ ಅಜ್ಜಿ ಅಂದ. ನಂಗೇನು ಗೊತ್ತಪ್ಪ, ಮಹತಿನ ಕೇಳು ಅಂದೆ. ತಡೀರಿ, ಅವನೇ ಬಂದ. ಮಾತಾಡಿ.”

ಫೋನ್ ಕೈ ಬದಲಾಯಿಸಿತು.

“ನಮಸ್ಕಾರ ಲೀಲಾ ಆಂಟಿ.” ನಯವಾದ, ಆತುರವಿಲ್ಲದ ದನಿ. “ಪಾಸ್‌ಪೋರ್ಟ್ ನಿಮ್ಮ ಹತ್ರ ಇದೆ ಅಂತ ಅಕ್ಕ ಹೇಳಿದ್ರು.”

“ರಿಷಭ್ ಎಲ್ಲಿದಾನೆ?”

ಹಿಂದೆ ಲೋಟ ಇಟ್ಟ ಸದ್ದು.

“ಅಕ್ಕನೂ ಅದನ್ನೇ ಕೇಳ್ತಿದಾರೆ,” ಎಂದ ಸುಮುಖ. ಫೋನ್ ಇಟ್ಟ.

ಪೊಲೀಸರನ್ನು ಮಹತಿಯ ಮನೆಗೆ ಕಳಿಸಲು ಜಯಂತನಿಗೆ ಹೇಳಿ ಲೀಲಾವತಿ ಕಾರಿಗೆ ಓಡಿದಳು. ದಾರಿಯಲ್ಲಿ ಎರಡು ಸಲ ಮಹತಿಯ ಮೊಬೈಲಿಗೆ ಫೋನ್ ಮಾಡಿದಳು. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ.

ಅವಳು ತಲುಪಿದಾಗ ಮನೆಯ ಮುಂದೆ ಪೊಲೀಸರೂ ಇರಲಿಲ್ಲ, ಬೇರೆ ಕಾರೂ ಇರಲಿಲ್ಲ. ಮಹತಿಯ ಮೊಬೈಲು ಮಡಿಸಿದ ಬಟ್ಟೆಗಳ ಮೇಲಿತ್ತು. ಊಟದ ಮೇಜಿನ ಮೇಲೆ ಎರಡು ಲೋಟ ಕಾಫಿ ತುಂಬಿದ ಹಾಗೇ ಇತ್ತು.

“ಹೋದ್ರಲ್ಲ ಈಗ ತಾನೇ,” ಎಂದರು ವಿಜಯಮ್ಮ. “ಬಲವಂತ ಏನೂ ಇಲ್ಲ ಕಣಮ್ಮ. ಅವನು ಏನೋ ಮೆಲ್ಲಗೆ ಹೇಳ್ದ, ರಿಷಭ್ ಅಂದಿದ್ದಷ್ಟೇ ನಂಗೆ ಕೇಳಿಸ್ತು. ಇವಳೇ ಮುಂದಾಗಿ ಹೋಗಿ ಕಾರಲ್ಲಿ ಕೂತ್ಕೊಂಡ್ಲು.”

ಲೀಲಾವತಿ ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿತ್ತು. ಪುಳಿಯೋಗರೆ ಗೊಜ್ಜಿನ ಸೀಸೆ ಅಲ್ಲಿರಲಿಲ್ಲ.